ಮಾತು ಬಿಟ್ಟ ಮಷೀನುಗಳು

ನಮ್ಮ ಅಥಣಿ, ರಾಯಬಾಗ, ಕುಡಚಿ ಕಡೆ ಯಾರಾದರೂ ‘ಮಿರಜಿಗೆ ಹೋಗ್ಯಾರ’ ಅಂದರೆ ‘ಯಾಕ’ ಅಂತ ಯಾರೂ ಕೇಳುವುದಿಲ್ಲ. ‘ಏನಾಗಿತ್ರಿ ಪಾಪ’ ಅಂತ ಕೇಳುತ್ತಾರೆ. ಮಿರಜ ಅಂದರೆ ದವಾಖಾನೆ, ದವಾಖಾನೆ ಅಂದರೆ ಮಿರಜ. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್‌ಲೆಸ್ ಎಂಬ ಮಿಷನ್ ಡಾಕ್ಟರು 1894ರಲ್ಲಿ ಇಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಊರಿಗೆ ಹತ್ತಿದ ಗೀಳು ಇನ್ನೂ ಇಳಿದಿಲ್ಲ. ಓಣಿಗೆರಡು ದವಾಖಾನೆ, ದವಾಖಾನೆಗೊಂದು ಔಷಧದ ಅಂಗಡಿ, ಅದರ ಮಗ್ಗುಲಿಗೆ ರಕ್ತ ತಪಾಸಣೆಯ ಲ್ಯಾಬು, ಲ್ಯಾಬಿನ ಮುಂದೆ ಚಹಾದ ಗಾಡಿ. ಈ ಸಾಲಿನ ಒಂದು ಲ್ಯಾಬಿನಲ್ಲಿ ನಾನಿದ್ದೇನೆ. ಯಾವುದು ಅಂತ ಕೇಳಬೇಡಿ. ಪಗಾರ ಅಲ್ಲಿಂದಲೇ ಬರುತ್ತದೆ.

ಹೆಸರಿಗೆ ನಾನು ಟೆಕ್ನಿಷಿಯನ್. ಸೂಜಿ ಚುಚ್ಚುವುದು, ರಕ್ತ ತಿರುವುವುದು, ಮಷೀನಿಗೆ ತಿನಿಸುವುದು ನನ್ನ ಕಸುಬು. ಆದರೆ ಹದಿನೈದು ವರ್ಷದ ಕೆಳಗೆ ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದವನ್ನು ಎಳೆದು ತೆಗೆದೆ. ಆ ತಪ್ಪಿಗೆ ಅಂದಿನಿಂದ ಇಂದಿನವರೆಗೆ ನಾನೇ ಈ ಲ್ಯಾಬಿನ ಕಂಪ್ಯೂಟರ್ ತಜ್ಞ. ವೈಫೈ ನಿಂತರೆ ನಾನು, ಫ್ಯಾನು ಕಿರುಗುಟ್ಟಿದರೂ ನಾನು.

ನಮ್ಮ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇತ್ತು. ಅದನ್ನು ಹೆತ್ತ ಕಂಪನಿಯೇ 2020ರ ಜನವರಿ 14ಕ್ಕೆ ಅದರ ಕೈ ಬಿಟ್ಟಿತು. ನಾವು ಬಿಡಲಿಲ್ಲ. ಪ್ರತಿ ವರ್ಷ ಖಂಡೇನವಮಿಗೆ ಅದರ ಡಬ್ಬಿಗೆ ಹಚ್ಚಿದ ಕುಂಕುಮ ಪದರು ಪದರಾಗಿ ಕೂತಿತ್ತು. ಚಾಲೂ ಆಗಲು ಏಳು ನಿಮಿಷ ತಗೊಳ್ಳುತ್ತಿತ್ತು, ಅಷ್ಟರಲ್ಲಿ ನಾವು ಒಂದು ಕಟಿಂಗ್ ಚಹಾ ಮುಗಿಸುತ್ತಿದ್ದೆವು. ಸಂಸಾರ ಸುಸೂತ್ರವಾಗಿತ್ತು. ಅಷ್ಟರಲ್ಲಿ ನಮ್ಮ ಸಾಹೇಬರ ಮಗ ಪುಣೆಯಿಂದ ರಜೆಗೆ ಬಂದ. ಬಂದವನು ಶ್ರೀಖಂಡ ತಿಂದು, ಮಲಗಿ, ಎದ್ದು ಹೋಗಬಾರದೇ? ಲ್ಯಾಬಿಗೆ ಬಂದು ಸ್ಕ್ರೀನ್ ನೋಡಿ, ‘ಬಾಬಾ, ಅಜೂನ್ ವಿಂಡೋಸ್ ಸೆವೆನ್?’ ಅಂದ. ಅಪ್ಪನಿಗೆ ನಾಚಿಕೆಯಾಯಿತು. ಹೊಸ ಕಂಪ್ಯೂಟರು, ಹೊಸ ವಿಂಡೋಸು, ಲ್ಯಾಬಿನ ಸಾಫ್ಟ್‌ವೇರಿಗೂ ಹೊಸ ವರ್ಷನ್, ಎಲ್ಲ ಒಂದೇ ಏಟಿಗೆ ಅಂತ ಠರಾವಾಯಿತು.

ಅದನ್ನು ಹಾಕಲು ಭಾನುವಾರ ಸಾಂಗ್ಲಿಯಿಂದ ಒಬ್ಬ ಹುಡುಗ ಬಂದ. ಜತ್ತ ತಾಲ್ಲೂಕಿನವನು. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಫೋನಿನಲ್ಲಿ ಇಂಗ್ಲಿಷು, ಬೈಯುವಾಗ ಮೂರೂ. ಒಳ್ಳೆ ಹುಡುಗ. ಹೊಸ ವರ್ಷನ್ನಿನಲ್ಲಿ ಏನು ವಿಶೇಷ ಅಂತ ಕೇಳಿದೆ.

‘ಡಾರ್ಕ್ ಮೋಡ್ ಐತ್ರಿ ಸರ್.’

‘ಅಂದ್ರ?’

‘ಸ್ಕ್ರೀನ್ ಕರ್ರಗ ಆಕ್ಕೈತ್ರಿ.’

ಕರೆಂಟು ಹೋದಾಗ ನಮ್ಮದು ಯಾವಾಗಲೂ ಆಗುತ್ತಿತ್ತು. ಅದಕ್ಕೆ ಇಷ್ಟು ದುಡ್ಡು ಬೇಕಿರಲಿಲ್ಲ. ಆದರೂ ಸುಮ್ಮನಿದ್ದೆ. ‘ಬ್ಯಾಕಪ್ ತಗೊಂಡಿಯೇನಪಾ?’ ಅಂದೆ. ‘ತಗೊಂಡೀನ್ರಿ, ಡಿ ಡ್ರೈವಿನ್ಯಾಗ ಐತಿ’ ಅಂದ. ‘ಯಾವ ಕಂಪ್ಯೂಟರಿನ ಡಿ ಡ್ರೈವು?’ ಅಂದಾಗ ಅವನು ಮೂಲೆಯಲ್ಲಿ ಕುಂಕುಮ ಹೊತ್ತು ಕೂತಿದ್ದ ಹಳೆಯ ಡಬ್ಬಿಯ ಕಡೆ ನೋಡಿದ. ಆ ಡಬ್ಬಿಯನ್ನು ಅವನೇ ಅರ್ಧ ತಾಸಿನ ಹಿಂದೆ ಪೂರ್ತಿ ಒರೆಸಿ ಚೊಕ್ಕ ಮಾಡಿದ್ದ. ರೋಗಿಗಳ ಹಳೆಯ ರಿಪೋರ್ಟುಗಳೇನೋ ಹೊಸ ಮನೆಗೆ ಬಂದಿದ್ದವು. ಮಷೀನುಗಳ ಸೆಟ್ಟಿಂಗುಗಳು ಬಂದಿರಲಿಲ್ಲ.

ಸಾಂಗ್ಲಿಯವನಿಗೆ ಸಾಂಗ್ಲಿಯದೇ ಕತೆ ಹೇಳಬೇಕು. ಕೃಷ್ಣೆಗೆ ವಾರಣೆ ಬಂದು ಕೂಡುವ ಹರಿಪುರದಲ್ಲಿ ನೆಲದೊಳಗೆ ಅರಿಷಿಣದ ಪೇವುಗಳಿದ್ದವು. ನಮ್ಮ ಜೋಳದ ಹಗೇವು ಇದ್ದಂತೆ. ಅಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಅರಿಷಿಣಕ್ಕೆ ನುಸಿ ಹತ್ತುತ್ತಿರಲಿಲ್ಲ. ಸಾಂಗ್ಲಿಯ ಅರಿಷಿಣ ಪೇಟೆಯ ಸೊಕ್ಕೆಲ್ಲ ಆ ಪೇವುಗಳಲ್ಲಿತ್ತು. 2005ರ ಮಹಾಪೂರದಲ್ಲಿ ನೀರು ಪೇವುಗಳಿಗೇ ಇಳಿಯಿತು. ಅರಿಷಿಣವೂ ಹೋಯಿತು, ಪೇವೂ ಹೋಯಿತು. ‘ಕಾಳು ಮತ್ತ ಬೀಜ ಎರಡೂ ಒಂದ ಹಗೇವಿನ್ಯಾಗ ಇಡಬಾರ್ದು ತಮ್ಮಾ’ ಅಂದೆ. ‘ಆತ್ರಿ ಸರ್, ಮುಂದಿನ ಸಲ’ ಅಂದ. ಸಾಫ್ಟ್‌ವೇರಿನವರಿಗೆ ‘ಮುಂದಿನ ಸಲ’ ಅನ್ನುವುದು ಯಾವಾಗಲೂ ಇರುತ್ತದೆ. ಸೋಮವಾರ ಮುಂಜಾನೆ ನಮಗೆ ಮಾತ್ರ ಇರುತ್ತದೆ.

ಸೋಮವಾರ ಏಳೂವರೆಗೆ ಪಾಳಿ ಹಚ್ಚಿ ಮಂದಿ ನಿಂತರು. ಉಪವಾಸದ ಸಕ್ಕರೆ ಪರೀಕ್ಷೆಯವರು, ಆಪರೇಶನ್ನಿಗೆ ಮೊದಲಿನವರು, ಡಯಾಲಿಸಿಸ್‌ನವರು. ರಕ್ತ ಎಳೆದೆವು, ಮಷೀನಿಗೆ ಹಾಕಿದೆವು. ಮಷೀನು ಗುರ್ ಅಂತು, ಟಿಕ್ ಟಿಕ್ ಅಂತು, ತನ್ನ ಪುಟ್ಟ ಪರದೆಯ ಮೇಲೆ ಹಿಮೋಗ್ಲೋಬಿನ್ ಎಷ್ಟು ಅಂತ ಚೆಂದಾಗಿ ತೋರಿಸಿತು. ಕಂಪ್ಯೂಟರಿನಲ್ಲಿ ಮಾತ್ರ ಸೊನ್ನೆ. ಸೊನ್ನೆಯೂ ಅಲ್ಲ, ಖಾಲಿ. ಕರಿ ಪರದೆಯ ಮೇಲೆ ಖಾಲಿ ಸಾಲುಗಳು. ಡಾರ್ಕ್ ಮೋಡಿನ ಪೂರ್ಣ ಸೌಂದರ್ಯ ಆಗ ತಿಳಿಯಿತು.

ನಮ್ಮಲ್ಲಿ ಮುಖ್ಯ ಮಷೀನು ಮೂರು. ರಕ್ತಕಣ ಎಣಿಸುವ ಸೆಲ್ ಕೌಂಟರ್, ಸಕ್ಕರೆ–ಯೂರಿಯಾ ನೋಡುವ ದೊಡ್ಡ ಅನಲೈಸರ್, ಸೋಡಿಯಂ–ಪೊಟ್ಯಾಸಿಯಂ ನೋಡುವ ಸಣ್ಣದು. ಮೂರೂ ಒಟ್ಟಿಗೆ ಮಾತು ಬಿಟ್ಟಿದ್ದವು. ಅತ್ತೆ, ಸೊಸೆ, ನಾದಿನಿ ಒಂದೇ ದಿನ ಮಾತು ಬಿಟ್ಟ ಮನೆಯ ಗಂಡಸಿನಂತೆ ನಾನು ನಡುವೆ ನಿಂತೆ.

ಸಾಹೇಬರು ಗಾಬರಿಯಾಗಿ, ‘ಮಷೀನ್ ಕೆಟ್ಟಾವೇನು?’ ಅಂದರು. ಕೆಟ್ಟಿರಲಿಲ್ಲ. ಈ ಮಾತನ್ನು ನಾನು ಸೆಲ್ ಕೌಂಟರಿನ ಹೊಟ್ಟೆಯಿಂದ ಬರುವ ಬಸ್ ಟಿಕೆಟ್ಟಿನಂಥ ಚೀಟಿ ಹರಿದು ಅವರ ಕೈಗೆ ಕೊಟ್ಟು ಸಾಬೀತು ಮಾಡಿದೆ. ಚೀಟಿಯಲ್ಲಿ ಎಲ್ಲ ಅಂಕಿಯೂ ಇತ್ತು. ಮಷೀನು ಛಲೋ, ಕಂಪ್ಯೂಟರು ಹೊಚ್ಚ ಹೊಸದು. ಕೆಟ್ಟದ್ದು ನಡುವಿನದು.

ಈ ನಡುವಿನದು ಅಂದರೇನು ಅಂತ ಮಿರಜಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ಕಾರ್ತಿಕ ಏಕಾದಶಿಗೆ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ನನ್ನನ್ನು ಪಂಢರಪುರಕ್ಕೆ ಕರಕೊಂಡು ಹೋಗುತ್ತಿದ್ದಳು. ಕುಡಚಿಯಲ್ಲಿ ಹತ್ತಿದರೆ ಉಗಾರ, ಶೇಡಬಾಳ ದಾಟಿ ಮಿರಜ. ಅದು ಬೆಂಗಳೂರು ಕಡೆಯಿಂದ ಬರುವ ಮೀಟರ್ ಗೇಜ್, ಹಳಿಯಿಂದ ಹಳಿಗೆ 1000 ಮಿಲಿಮೀಟರು. ಮಿರಜಿನಲ್ಲಿ ಇಳಿದು ಪಂಢರಪುರಕ್ಕೆ ಇನ್ನೊಂದು ಗಾಡಿ, ಅದು 1927ರಲ್ಲಿ ಮಿರಜಿಗೆ ಮುಟ್ಟಿದ ಬಾರ್ಶಿ ಲೈಟ್ ರೈಲ್ವೆಯ ನ್ಯಾರೋ ಗೇಜ್, ಬರೀ 762 ಮಿಲಿಮೀಟರು. ಆಟಿಗೆ ಸಾಮಾನಿನಂಥ ಡಬ್ಬಿಗಳು, ಎಮ್ಮೆ ಅಡ್ಡ ಬಂದರೆ ಎಮ್ಮೆಗೇ ಮರ್ಯಾದೆ ಕೊಟ್ಟು ನಿಲ್ಲುತ್ತಿತ್ತು. ಪುಣೆ–ಕೊಲ್ಹಾಪುರದ್ದು ಮತ್ತೆ ಬೇರೆ, 1676 ಮಿಲಿಮೀಟರಿನ ಬ್ರಾಡ್ ಗೇಜ್. ಎಪ್ಪತ್ತರ ದಶಕದಿಂದ ತೊಂಬತ್ತರ ದಶಕದವರೆಗೆ ಈ ಮೂರು ಅಳತೆಯ ಹಳಿಗಳು ಒಂದೇ ಸ್ಟೇಷನ್ನಿನಲ್ಲಿ ಮೂತಿ ತಿರುವಿಕೊಂಡು ಮಲಗಿದ್ದವು. ಮೂರೂ ಗಾಡಿ ಗಟ್ಟಿಮುಟ್ಟು, ಮೂರೂ ಹಳಿ ಗಟ್ಟಿಮುಟ್ಟು, ಆದರೆ ಒಂದರದ್ದು ಇನ್ನೊಂದರ ಮೇಲೆ ಹೋಗುವಂತಿಲ್ಲ. ಒಂದು ಗಾಡಿಯಿಂದ ಚೀಲ ಇಳಿಸಿ ಇನ್ನೊಂದಕ್ಕೆ ಏರಿಸಲು ಹಮಾಲರು ಬೇಕು. ಆಯಿಯ ಗಂಟು, ಬುತ್ತಿ, ನೀರಿನ ತಂಬಿಗೆ ಹೊತ್ತು ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ಓಡಿದ ನಾನೂ ಒಬ್ಬ ಹಮಾಲನೇ. ಆಗ ಕಲಿತದ್ದು ಲ್ಯಾಬಿನಲ್ಲಿ ಉಪಯೋಗಕ್ಕೆ ಬಂದೀತು ಅಂತ ಪಾಂಡುರಂಗನೂ ಹೇಳಿರಲಿಲ್ಲ.

ನಮ್ಮ ಸೆಲ್ ಕೌಂಟರು ನ್ಯಾರೋ ಗೇಜಿನದು. ಅದರ ಬೆನ್ನಿಗೆ ಒಂಬತ್ತು ಸೂಜಿಯ ಸೀರಿಯಲ್ ಪೋರ್ಟು. ಆರ್‌ಎಸ್ 232 ಅನ್ನುವ ಆ ಪದ್ಧತಿ ಹುಟ್ಟಿದ್ದು 1960ರಲ್ಲಿ, ಅಂದರೆ ನನಗಿಂತ ಹಿರಿದು, ಏಕವಚನದಲ್ಲಿ ಮಾತಾಡಿಸಬಾರದು. ಹಳೆಯ ಕಂಪ್ಯೂಟರಿಗೂ ಅದೇ ಒಂಬತ್ತು ಸೂಜಿಯ ಕಿವಿ ಇತ್ತು. ಹೊಸದಕ್ಕೆ ಇಲ್ಲ. ಬರೀ ಯುಎಸ್‌ಬಿ. ನಡುವೆ ಒಬ್ಬ ಹಮಾಲ ಬೇಕು. ಅವನಿಗೆ ಕನ್ವರ್ಟರ್ ಅಂತಾರೆ. ಜತ್ತದ ಹುಡುಗ ಪೇಟೆಯಿಂದ ಅಗ್ಗದ ಎರಡು ಕನ್ವರ್ಟರ್ ತಂದಿದ್ದ. ಮೊದಲನೆಯದನ್ನು ಚುಚ್ಚಿದರೆ ಕಂಪ್ಯೂಟರಿನಲ್ಲಿ ಅದರ ಹೆಸರು ಮೂಡಬೇಕಾದ ಜಾಗದಲ್ಲಿ, ಈ ಚಿಪ್ಪು ಮಾಡುವುದು 2012ರಲ್ಲೇ ನಿಂತಿದೆ, ಮಾರಿದವನನ್ನು ಹೋಗಿ ಕೇಳು ಅನ್ನುವ ಅರ್ಥದ ಇಂಗ್ಲಿಷು ಬಂತು. ಹೆಸರು ಕೇಳಿದರೆ ಹಿಂಗೆ ಬೈದು ಕಳಿಸುವುದನ್ನು ನಾನು ತಹಸೀಲು ಕಚೇರಿ ಬಿಟ್ಟರೆ ಇಲ್ಲೇ ಕಂಡದ್ದು.

ಎರಡನೆಯ ಕನ್ವರ್ಟರ್ ಮಾತು ಕೇಳುವ ಜಾತಿಯದು. ಆದರೂ ರಿಸಲ್ಟ್ ಬರವಲ್ದು. ಹುಡುಗ ಪುಣೆಗೆ ಫೋನು ಹಚ್ಚಿದ. ಪುಣೆಯವರು ಅಲ್ಲಿಂದಲೇ ನಮ್ಮ ಸ್ಕ್ರೀನಿನೊಳಗೆ ಕೈ ಹಾಕಿ ಬಾಣದ ಗುರುತನ್ನು ಭೂತ ಹೊಕ್ಕಂತೆ ಅತ್ತಿತ್ತ ಓಡಾಡಿಸಿ, ಕೊನೆಗೆ ಶಾಸ್ತ್ರೋಕ್ತವಾಗಿ, ‘ದಾದಾ, ಏಕದಾ ರೀಸ್ಟಾರ್ಟ್ ಕರಾ’ ಅಂದರು. ಮಾಡಿದೆವು. ‘ಮಷೀನ್ ಪಣ ರೀಸ್ಟಾರ್ಟ್ ಕರಾ.’ ಮಾಡಿದೆವು. ‘ಕೇಬಲ್ ಬದಲಾ.’ ಇಲ್ಲಿ ನಾನು ಅಡ್ಡ ಬಿದ್ದೆ. ಆ ಕೇಬಲ್ ಸಾಮಾನ್ಯದ್ದಲ್ಲ. ಅದರ 2ನೇ ಮತ್ತು 3ನೇ ತಂತಿ ಅದಲುಬದಲು ಇದೆ. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಹತ್ತಲಿ ಅಂತ. ನೆಟ್ಟಗಿನ ಕೇಬಲ್ ಹಚ್ಚಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರಿ, ಇಬ್ಬರೂ ಏಕಕಾಲಕ್ಕೆ ಒದರುತ್ತಾರೆ, ಯಾರಿಗೂ ಏನೂ ಕೇಳುವುದಿಲ್ಲ. ಟಿವಿಯ ಚರ್ಚೆ ನೋಡಿದವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕನ್ವರ್ಟರ್ ಬದುಕಿದೆಯೋ ಸತ್ತಿದೆಯೋ ನೋಡಲು ಒಂದು ಹಳೆಯ ಉಪಾಯವಿದೆ. ಅದರ 2 ಮತ್ತು 3ನೇ ಸೂಜಿಯನ್ನು ಒಂದಕ್ಕೊಂದು ಮುಟ್ಟಿಸಿ, ಟರ್ಮಿನಲ್ ಪ್ರೋಗ್ರಾಮ್ ತೆಗೆದು, ಕೀಲಿಮಣೆಯಲ್ಲಿ ಏನಾದರೂ ಒತ್ತಬೇಕು. ಒತ್ತಿದ್ದೇ ತಿರುಗಿ ಪರದೆಗೆ ಬಂದರೆ ಅದು ಬದುಕಿದೆ. ಮುಟ್ಟಿಸಲು ಲೋಹದ ತುಂಡು ಬೇಕಲ್ಲ? ಕೌಂಟರಿನಲ್ಲಿ ಕೂರುವ ತಂಗಿಯ ಹತ್ತಿರ ಹೇರ್‌ಪಿನ್ ಕೇಳಿದೆ. ಮೂವತ್ತು ಮಂದಿ ಪಾಳಿಯಲ್ಲಿ ನಿಂತು ನೋಡುತ್ತಿರುವಾಗ ನಲವತ್ತೆಂಟರ ಗಂಡಸು ‘ನಿನ್ನ ಹೇರ್‌ಪಿನ್ ಕೊಡವಾ’ ಅನ್ನುವುದು ಎಂಥ ದೃಶ್ಯ ಅಂತ ನೀವೇ ಊಹಿಸಿ. ಕೊಟ್ಟಳು. ‘ವಾಪಸ್ ಪಾಹಿಜೆ’ ಅಂತ ಷರತ್ತೂ ಹಾಕಿದಳು. ಪಿನ್ನು ಸಿಗಿಸಿ ‘ವಿಠ್ಠಲ’ ಅಂತ ಇಂಗ್ಲಿಷಿನಲ್ಲಿ ಒತ್ತಿದೆ. ‘ವಿಠ್ಠಲ’ ಅಂತಲೇ ಬಂತು. ಹಮಾಲ ಸತ್ತಿಲ್ಲ.

ಹಾಗಿದ್ದರೆ ತಪ್ಪು ಎಲ್ಲಿ? ನಂಬರಿನಲ್ಲಿ. ಕಂಪ್ಯೂಟರು ಇಂಥ ಪ್ರತಿ ಬಾಗಿಲಿಗೂ ಕಾಮ್ 1, ಕಾಮ್ 2 ಅಂತ ಮನೆ ನಂಬರು ಕೊಡುತ್ತದೆ. ಅಗ್ಗದ ಕನ್ವರ್ಟರಿಗೆ ಸ್ವಂತ ಗುರುತಿನ ಚೀಟಿ ಇರುವುದಿಲ್ಲ. ಒಂದು ತೂತಿನಿಂದ ತೆಗೆದು ಮಗ್ಗುಲಿನ ತೂತಿಗೆ ಹಾಕಿದರೆ ವಿಂಡೋಸು ಅದನ್ನು ಹೊಸ ಬಿಡಾರದವನು ಅಂತ ತಿಳಿದು ಹೊಸ ನಂಬರು ಬರೆಯುತ್ತದೆ. ನಮ್ಮ ಹುಡುಗ ಭಾನುವಾರ ಸಂಜೆ ಎರಡೂ ಕನ್ವರ್ಟರುಗಳನ್ನು ಕಂಪ್ಯೂಟರಿನ ಮುಂದಿನ, ಹಿಂದಿನ ಎಲ್ಲ ತೂತಿಗೂ ಚುಚ್ಚಿ ಪರೀಕ್ಷೆ ಮಾಡಿದ್ದ. ಸೋಮವಾರಕ್ಕೆ ನಂಬರು ಕಾಮ್ 11ಕ್ಕೆ ಏರಿತ್ತು. ಲ್ಯಾಬಿನ ಸಾಫ್ಟ್‌ವೇರಿನಲ್ಲಿ ಆರಿಸಿಕೊಳ್ಳಲು ಇದ್ದ ಪಟ್ಟಿ 9ಕ್ಕೆ ಮುಗಿಯುತ್ತಿತ್ತು. ಬರೆದವನಿಗೆ, ಒಂಬತ್ತಕ್ಕಿಂತ ಹೆಚ್ಚು ಬಾಗಿಲಿರುವ ಮನೆ ಯಾರಿಗಿದ್ದೀತು ಅನಿಸಿರಬೇಕು. ಬಾಗಿಲಿನಲ್ಲಿ ಸೆಲ್ ಕೌಂಟರು ರಿಸಲ್ಟು ಹೊತ್ತು ಕೂಗುತ್ತಿದೆ, ಸಾಫ್ಟ್‌ವೇರು ಮಗ್ಗುಲು ಓಣಿಯಲ್ಲಿ ಕಿವಿಗೊಟ್ಟು ಕೂತಿದೆ.

ಇದನ್ನು ಪತ್ತೆ ಮಾಡುವುದು ಸಲೀಸು. ಡಿವೈಸ್ ಮ್ಯಾನೇಜರ್ ತೆಗೆದಿಟ್ಟುಕೊಂಡು ಕನ್ವರ್ಟರನ್ನು ಕೀಳಬೇಕು. ಯಾವ ನಂಬರು ಮಾಯವಾಯಿತೋ ಅದೇ ಅದರದು. ಅದರ ಅಡ್ವಾನ್ಸ್ಡ್ ಸೆಟ್ಟಿಂಗಿನೊಳಗೆ ಹೋಗಿ 11 ಅನ್ನು 3 ಮಾಡಿದೆ. ‘ಆ ನಂಬರು ಬಳಕೆಯಲ್ಲಿದೆ’ ಅಂತ ಎಚ್ಚರಿಕೆ ಬಂತು. ಬಳಸುತ್ತಿದ್ದವರು ಯಾರೂ ಇಲ್ಲ, ನಿನ್ನೆ ಸಂಜೆ ಎದ್ದು ಹೋದವರ ದೆವ್ವ ಅಷ್ಟೇ. ದೆವ್ವಕ್ಕೆ ಹೆದರದೆ ಓಕೆ ಒತ್ತಿದೆ. ವೇಗ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್. ಈ ಗಾಯತ್ರಿ ನನಗೆ ಬಾಯಿಪಾಠ ಇತ್ತು, ಪುಣ್ಯ. ಸೆಲ್ ಕೌಂಟರ್ ಮಾತಾಡಿತು. ಹತ್ತೂವರೆ ಆಗಿತ್ತು.

ಅಲ್ಲಿಯವರೆಗೆ ರಿಪೋರ್ಟು ಕೈಯಲ್ಲಿ ಬರೆದೆವು. ಕೈಯಲ್ಲಿ ಬರೆಯುವುದೇನು ದೊಡ್ಡ ಮಾತು ಅಂದೀರಿ. ನಮ್ಮ ಕೌಂಟರಿನಲ್ಲಿ ‘ಪಾಟೀಲ’ ಅಂತ ಕೂಗಿದಾಗ ಏಳು ಮಂದಿ ಎದ್ದು ನಿಂತರು. ಕೂತವರಲ್ಲಿ ಇನ್ನಿಬ್ಬರಿಗೆ ಕಿವಿ ಮಂದ, ಅವರೂ ಪಾಟೀಲರೇ. ಟ್ಯೂಬಿನ ಮೇಲೆ ಬಾರ್‌ಕೋಡ್ ಅಂಟಿಸಿ ಮಷೀನು ಮತ್ತು ಕಂಪ್ಯೂಟರು ನೇರ ಮಾತಾಡಿಕೊಳ್ಳಲಿ ಅಂತ ಬಿಡುವುದು ನಮ್ಮ ಸೋಮಾರಿತನಕ್ಕಲ್ಲ. ಒಬ್ಬ ಪಾಟೀಲರ ಸಕ್ಕರೆ ಇನ್ನೊಬ್ಬ ಪಾಟೀಲರ ಬಾಯಿಗೆ ಹೋಗದಿರಲಿ ಅಂತ. ಅಥಣಿ ಕಡೆಯ ಒಬ್ಬ ರುಮಾಲಿನ ಯಜಮಾನರು ಮಾತ್ರ ಕೈಬರಹದ ರಿಪೋರ್ಟು ನೋಡಿ ಖುಷಿಯಾದರು. ‘ಇದಕ್ಕ ಶಾಯಿ ಐತಿ ನೋಡ್ರಿ, ಇದು ಖರೇ’ ಅಂದರು. ಉಪವಾಸದ ಸಕ್ಕರೆಯ ರಿಪೋರ್ಟಿಗಾಗಿ ಅವರು ಮೂರು ತಾಸು ಹಸಿದೇ ಕಾದಿದ್ದರು. ರಕ್ತ ಕೊಟ್ಟ ಮೇಲೆ ಉಣ್ಣಬಹುದು ಅಂತ ನಾವು ಯಾರೂ ಹೇಳಿರಲಿಲ್ಲ.

ಇನ್ನು ದೊಡ್ಡ ಅನಲೈಸರ್. ಅದು ಬ್ರಾಡ್ ಗೇಜು, ನೆಟ್‌ವರ್ಕ್ ಕೇಬಲ್ ಮೇಲೆ ಓಡುವಂಥದ್ದು. ಇಂಥ ಮಷೀನುಗಳು ಮಾತಾಡುವ ರೀತಿ ನೋಡಿದರೆ ಇವಕ್ಕೆ ಬೆಳಗಾವಿ ಕಡೆಯ ಸಂಸ್ಕಾರ ಇದೆ ಅನಿಸುತ್ತದೆ. ಎಎಸ್‌ಟಿಎಂ ಅನ್ನುವ ಸಂಸ್ಥೆ 1991ರಲ್ಲಿ ಹಾಕಿಕೊಟ್ಟ ಕ್ರಮ ಇದು. ಮಷೀನು ಸೀದಾ ಒಳಗೆ ನುಗ್ಗುವುದಿಲ್ಲ. ಮೊದಲು ಬಾಗಿಲಲ್ಲಿ ನಿಂತು ‘ಎನ್‌ಕ್’ ಅನ್ನುತ್ತದೆ. ಅಂದರೆ, ‘ಮನ್ಯಾಗ ಅದೀರೇನ್ರಿ?’ ಕಂಪ್ಯೂಟರು ‘ಆಕ್’ ಅನ್ನಬೇಕು: ‘ಹಾಂ, ಬರ್ರಿ.’ ಆಮೇಲೆ ಮಷೀನು ಒಂದೊಂದೇ ಮಾತು ಹೇಳುತ್ತದೆ, ಪ್ರತಿ ಮಾತಿಗೂ ಆ ಕಡೆಯಿಂದ ‘ಹೂಂ’ ಬರಬೇಕು. ನಮ್ಮ ಕಡೆ ಕತೆ ಹೇಳುವವರಿಗೆ ಹೂಂಗುಟ್ಟುವವರು ಬೇಕಲ್ಲ, ಹಾಗೆ. ಮಾತು ಸರಿಯಾಗಿ ಕೇಳದಿದ್ದರೆ ಕಂಪ್ಯೂಟರು ‘ನಾಕ್’ ಅನ್ನುತ್ತದೆ. ಇದನ್ನು ಮಿರಜಿನವರಿಗೆ ವಿವರಿಸುವುದೇ ಬೇಡ: ನಕೋ! ಆಗ ಮಷೀನು ಬೇಸರಿಸದೆ ಅದನ್ನೇ ಮತ್ತೆ ಹೇಳುತ್ತದೆ. ಆರು ಸಲ ಹೇಳಿದರೂ ಕೇಳದಿದ್ದರೆ ಕೈಬಿಟ್ಟು ‘ಬರ್ತೇನ್ರಿ’ ಅಂತ ಹೊರಡುತ್ತದೆ. ಉತ್ತರಕ್ಕೆ 15 ಸೆಕೆಂಡು ಕಾಯುತ್ತದೆ. ಬಾಗಿಲಲ್ಲಿ ನಿಂತು ಹದಿನೈದು ಸೆಕೆಂಡು ಕಾಯುವ ತಾಳ್ಮೆ ಇವತ್ತು ನಮ್ಮ ನೆಂಟರಿಗೂ ಇಲ್ಲ, ಮೊದಲೇ ಫೋನು ಹಚ್ಚುತ್ತಾರೆ.

ನಮ್ಮ ಅನಲೈಸರ್ ಸೋಮವಾರ ಮುಂಜಾನೆಯಿಂದ ‘ಅದೀರೇನ್ರಿ, ಅದೀರೇನ್ರಿ’ ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿತ್ತು. ಮೊದಲ ಕಾರಣ, ವಿಳಾಸ. ಹಳೆಯ ಕಂಪ್ಯೂಟರಿನ ಐಪಿ ನಂಬರು 50ಕ್ಕೆ ಮುಗಿಯುತ್ತಿತ್ತು. ಹೊಸದಕ್ಕೆ ರೌಟರು ತನ್ನ ಮನಸ್ಸಿಗೆ ಬಂದ 57 ಕೊಟ್ಟಿತ್ತು. ಮಷೀನಿನ ಹೊಟ್ಟೆಯಲ್ಲಿ 50 ಅಂತಲೇ ಬರೆದಿದೆ. ಮನೆ ಬದಲಿಸಿದವರು ಅಂಚೆಯವನಿಗೆ ಹೇಳಲಿಲ್ಲ. 50 ಅಂತ ಗಟ್ಟಿಯಾಗಿ ಕೂರಿಸಿದೆವು. ಆದರೂ ಉತ್ತರವಿಲ್ಲ. ಇಲ್ಲಿಂದ ಮಷೀನನ್ನು ಪಿಂಗ್ ಮಾಡಿದರೆ ಓಗೊಡುತ್ತದೆ, ಮಷೀನಿನಿಂದ ಇಲ್ಲಿಗೆ ಮಾಡಿದರೆ ಸುದ್ದಿಯಿಲ್ಲ. ಆಗ ಹೊಳೆಯಿತು, ನಡುವೆ ಒಬ್ಬ ವಾಚಮನ್ ಇದ್ದಾನೆ.

ಮಿರಜಿನ ದವಾಖಾನೆಗಳ ವಾಚಮನ್‌ರನ್ನು ಬಲ್ಲವರಿಗೆ ಫೈರ್‌ವಾಲ್ ಅಂದರೆ ತಕ್ಷಣ ತಿಳಿಯುತ್ತದೆ. ಹೊಸದಾಗಿ ಸೇರಿದವನಂತೂ ದವಾಖಾನೆಯ ಮಾಲೀಕರನ್ನೇ ‘ಪಾಸ್ ಕುಠೆ ಆಹೆ?’ ಅಂತ ತಡೆಯುತ್ತಾನೆ. ಹೊಸ ವಿಂಡೋಸು ನಮ್ಮ ಲ್ಯಾಬನ್ನು ಯಾವುದೋ ಬಸ್‌ಸ್ಟ್ಯಾಂಡಿನ ವೈಫೈ ಅಂತ ತಿಳಿದು ‘ಪಬ್ಲಿಕ್’ ಅಂತ ಗುರುತು ಹಾಕಿಕೊಂಡು, ಹೊರಗಿನಿಂದ ಬಂದವರಿಗೆಲ್ಲ ಬಾಗಿಲು ಹಾಕಿತ್ತು. ಒಳಗಿನಿಂದ ಹೋಗುವವರಿಗೆ ಅಡ್ಡಿಯಿಲ್ಲ. ಇದನ್ನು ‘ಪ್ರೈವೇಟ್’ ಮಾಡಿ, ಅನಲೈಸರ್ ಬರುವ ಪೋರ್ಟ್ ನಂಬರಿಗೊಂದು ಪಾಸು ಬರೆದುಕೊಟ್ಟೆವು. ಕೆಲವರು ಈ ಹಂತದಲ್ಲಿ ವಾಚಮನ್‌ನನ್ನೇ ಕೆಲಸದಿಂದ ತೆಗೆದುಬಿಡುತ್ತಾರೆ. ಜತ್ತದ ಹುಡುಗನ ಬೆರಳೂ ಅತ್ತಲೇ ಹೊರಟಿತ್ತು. ಹಿಡಿದೆ. ರೋಗಿಗಳ ರಕ್ತದ ಲೆಕ್ಕ ಇರುವ ಮನೆ ಇದು, ಕಾವಲು ಬೇಕು.

ಮಧ್ಯಾಹ್ನ ಒಂದಕ್ಕೆ ಎರಡು ಮಷೀನು ಸರಿಹೋದವು ಅಂತ ಡಬ್ಬಿ ಬಿಚ್ಚಿ ಉಂಡೆವು. ಉಂಡು ಬಂದರೆ ಸೆಲ್ ಕೌಂಟರ್ ಮತ್ತೆ ಮೌನ. ಕನ್ವರ್ಟರ್ ಕಿತ್ತು ಹಾಕಿದರೆ ಮಾತು. ನಾಲ್ಕಕ್ಕೆ ಚಹಾ ಕುಡಿದು ಬಂದರೆ ಮತ್ತೆ ಮೌನ. ಹುಡುಗ ‘ಮಷೀನಿಗೆ ಯಾರೋ ಮಾಟ ಮಾಡಿರಬೇಕ್ರಿ’ ಅನ್ನುವ ಹಂತಕ್ಕೆ ಬಂದಿದ್ದ; ಅವನು ಓದಿದ್ದು ಕಂಪ್ಯೂಟರ್ ಸೈನ್ಸು. ಮಾಟವಲ್ಲ, ವಾಮಕುಕ್ಷಿ. ಕೆಲಸವಿಲ್ಲದಾಗ ಕರೆಂಟು ಉಳಿಸಲು ಯುಎಸ್‌ಬಿ ತೂತುಗಳನ್ನು ಮಲಗಿಸುವ ಒಂದು ಪದ್ಧತಿ ವಿಂಡೋಸಿನಲ್ಲಿದೆ, ಸೆಲೆಕ್ಟಿವ್ ಸಸ್ಪೆಂಡ್ ಅಂತ. ಮಲಗಿದ ಕೆಲವು ಅಗ್ಗದ ಕನ್ವರ್ಟರುಗಳು ಮತ್ತೆ ಏಳುವುದಿಲ್ಲ. ಪವರ್ ಸೆಟ್ಟಿಂಗಿನೊಳಗೆ ಹೋಗಿ ಅದನ್ನು ಬಂದ್ ಮಾಡಿದೆ. ನಮ್ಮ ಲ್ಯಾಬಿನಲ್ಲಿ ಊಟದ ಮೇಲೆ ಮಲಗುವ ಹಕ್ಕು ಸಾಹೇಬರಿಗೆ ಮಾತ್ರ.

ಇಷ್ಟು ಹೊತ್ತು ಹೇಳಿದ್ದೆಲ್ಲ ಸಾಧಾರಣ ಜಗಳಗಳು. ಮಾತು ಬಿಟ್ಟವರನ್ನು ಮತ್ತೆ ಮಾತಾಡಿಸುವುದು ಕಷ್ಟವಲ್ಲ. ಮಾತಾಡುತ್ತಲೇ ಇದ್ದು, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆಯಾಗಿ ತಿಳಿದರೆ ಏನು ಮಾಡುತ್ತೀರಿ? ಮಿರಜಿನಲ್ಲಿ ಇದು ದಿನನಿತ್ಯದ ಸಂಗತಿ. ಜಮಖಂಡಿ ಕಡೆಯ ಹುಡುಗ ಮುದುಕಿಯನ್ನು ಕರೆತಂದು ‘ನಮ್ಮ ಆಯಿ’ ಅನ್ನುತ್ತಾನೆ. ಕೌಂಟರಿನ ಮರಾಠಿ ತಂಗಿ ‘ಆಈ’ ಅಂತ ಕೇಳಿಸಿಕೊಂಡು ತಾಯಿ ಅಂತ ಬರೆಯುತ್ತಾಳೆ. ಹುಡುಗನಿಗೆ ಹತ್ತೊಂಬತ್ತು, ತಾಯಿಗೆ ಎಂಬತ್ತೆರಡು. ಅವರ ‘ತಾಈ’ ಅಕ್ಕ, ನಮ್ಮ ‘ತಾಯಿ’ ಅವ್ವ. ಶಬ್ದ ಎರಡೂ ಕಡೆ ಸುಖವಾಗಿ ಮುಟ್ಟಿತು, ತಂತಿಯಲ್ಲಿ ತೊಂದರೆಯಿಲ್ಲ, ಕುಲವೃಕ್ಷ ಮಾತ್ರ ತಲೆಕೆಳಗು.

ಸಂಜೆ ಐದರ ಹೊತ್ತಿಗೆ ಸಾಹೇಬರು ಡಯಾಲಿಸಿಸ್‌ನವರ ರಿಪೋರ್ಟಿಗೆ ಸಹಿ ಹಾಕಲು ಕೂತರು. ಒಂದು ನೋಡಿದರು, ಎರಡು ನೋಡಿದರು, ಚಷ್ಮಾ ಒರೆಸಿಕೊಂಡರು. ‘ಏನ್ರಿ, ಇವತ್ತ ಮಿರಜ ಮಂದಿ ಕಿಡ್ನಿ ಎಲ್ಲಾ ಒಮ್ಮಿಗೇ ಹೆಂಗ ಸುಧಾರಿಸ್ಯಾವು?’ ಅಂದರು. ಯಾವಾಗಲೂ 150ರ ಆಸುಪಾಸು ಯೂರಿಯಾ ಇರುತ್ತಿದ್ದವರಿಗೆ 70. ಕ್ರಿಯಾಟಿನಿನ್ ಮಾತ್ರ ಹಳೆಯಂತೆ ಏಳರ ಮೇಲೆ. ಅವೆರಡು ಹೆಚ್ಚಾಗಿ ಜೊತೆಯಾಗಿ ಏರುವ, ಜೊತೆಯಾಗಿ ಇಳಿಯುವ ಅಂಕಿಗಳು. ಒಂದು ಇಳಿದು ಇನ್ನೊಂದು ನಿಂತಿದ್ದರೆ ದಾಲ್ ಮೇ ಕುಛ್ ಕಾಲಾ.

ನಾನು ಮಷೀನಿನ ಪರದೆ ನೋಡಿದೆ. ಅಲ್ಲೂ 70. ಎದೆ ಝಲ್ಲೆಂದಿತು. ಆಮೇಲೆ ಅದರ ಕೆಳಗೆ ಸಣ್ಣಕ್ಷರದಲ್ಲಿ ಬರೆದದ್ದು ಕಂಡಿತು: ಬಿಯುಎನ್. ಮಷೀನು ಹೇಳುತ್ತಿದ್ದದ್ದು ಯೂರಿಯಾ ಅಲ್ಲ, ಯೂರಿಯಾದೊಳಗಿನ ನೈಟ್ರೋಜನ್ನು. 60 ಭಾಗ ಯೂರಿಯಾದಲ್ಲಿ ನೈಟ್ರೋಜನ್ 28 ಭಾಗ. ಹಾಗಾಗಿ ನೈಟ್ರೋಜನ್ ಅಂಕಿಯನ್ನು 2.14ರಿಂದ ಗುಣಿಸಿದರೆ ಯೂರಿಯಾ. ಹಳೆಯ ಸಾಫ್ಟ್‌ವೇರಿನಲ್ಲಿ ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಈ 2.14 ಬರೆದಿಟ್ಟಿದ್ದರು. ಹದಿನೈದು ವರ್ಷ ಅದು ಯಾರಿಗೂ ಕಾಣದಂತೆ ಗುಣಿಸುತ್ತ ಕೂತಿತ್ತು, ನನಗೂ ಗೊತ್ತಿರಲಿಲ್ಲ. ಹೊಸ ವರ್ಷನ್ನಿನಲ್ಲಿ ಆ ಜಾಗದಲ್ಲಿ 1 ಅಂತ ಇತ್ತು. ಬಣ್ಣ ಹಸಿರು, ಸ್ಥಿತಿ ‘ಕನೆಕ್ಟೆಡ್’, ದೋಷ ಸಂದೇಶ ಒಂದೂ ಇಲ್ಲ. ಮುಂಜಾನೆಯ ಮೌನಕ್ಕೆ ಬೈದಿದ್ದೆನಲ್ಲ, ಅದು ಎಷ್ಟು ಪ್ರಾಮಾಣಿಕವಾಗಿತ್ತು ಅಂತ ಆಗ ಅನಿಸಿತು. ತಿಳಿಯದಿದ್ದಾಗ ಖಾಲಿ ಬಿಡುವುದು ದೊಡ್ಡ ಗುಣ. ನನ್ನ ಪರಿಚಯದ ಬಹಳ ಮನುಷ್ಯರಲ್ಲಿ ಅದಿಲ್ಲ.

ಯೂರಿಯಾ ಬರೆದ ರಿಪೋರ್ಟು ಒಂದೂ ಬಾಗಿಲು ದಾಟಿರಲಿಲ್ಲ. ಎಲ್ಲ ಹರಿದು ಹೊಸದಾಗಿ ಮಾಡಿದೆವು. ಆ ರಾತ್ರಿ ಒಂದು ಕೆಲಸಕ್ಕೆ ಕೂತೆವು. ಮೂರೂ ಮಷೀನಿನ ಪ್ರತಿ ಪರೀಕ್ಷೆಗೂ ಮಷೀನಿನ ಪರದೆಯಲ್ಲಿ ಏನಿದೆ, ಕಂಪ್ಯೂಟರಿನಲ್ಲಿ ಏನು ಬಂದಿದೆ, ಛಾಪಿಸಿದ ಕಾಗದದಲ್ಲಿ ಏನಿದೆ ಅಂತ ಮೂರು ಕಂಬ ಹಾಕಿ ತಾಳೆ ನೋಡಿದೆವು. ಸೋಡಿಯಂ–ಪೊಟ್ಯಾಸಿಯಂನ ಸಣ್ಣ ಮಷೀನಿನದು ಬರೀ ಹೆಸರಿನ ತಕರಾರು, ಅದರ ಕೋಡು ಹೊಸ ಪಟ್ಟಿಯಲ್ಲಿ ಇರಲಿಲ್ಲ, ಬರೆದ ಕೂಡಲೇ ಸರಿಹೋಯಿತು. ಜತ್ತದ ಹುಡುಗ ಹತ್ತೂವರೆಯವರೆಗೆ ಕೂತು ಓದಿ ಹೇಳಿದ, ನಾನು ಬರೆದುಕೊಂಡೆ. ಅವನು ಓದುವಾಗ ಅಂಕಿಗಳನ್ನು ಮರಾಠಿಯಲ್ಲಿ ಹೇಳುತ್ತಿದ್ದ, ನಾನು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಒಂದೂ ತಪ್ಪಲಿಲ್ಲ. ಕನ್ವರ್ಟರ್ ಅಂದರೆ ಹಂಗಿರಬೇಕು.

ಊರಿನ ಸಿತಾರ್ ಮಾಡುವ ಗಲ್ಲಿಯಲ್ಲಿ ತಂಬೂರಿ ತಯಾರಾದ ಮೇಲೆ ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆ ಸಿಗಿಸಿ ಹಿಂದೆ ಮುಂದೆ ಸರಿಸುತ್ತ ಕಿವಿಗೊಟ್ಟು ಕೂರುತ್ತಾರೆ. ಆಗ ಹೊರಡುವ ಝೇಂಕಾರಕ್ಕೆ ಜವಾರಿ ಅಂತಾರೆ. ಕಟ್ಟಿಗೆ, ಕುಂಬಳದ ಬುರುಡೆ, ತಂತಿ ಎಲ್ಲ ಉತ್ತಮ ದರ್ಜೆಯದಿದ್ದರೂ ಆ ಎಳೆ ಒಂದು ಕೂದಲೆಳೆ ಸರಿದರೆ ನಾದ ಸತ್ತುಹೋಗುತ್ತದೆ. ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ ಊರು ಇದು. ನಮ್ಮ ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳಾದವರು. ಇಂಥ ಊರಿನಲ್ಲಿ ಕೂತು ನಾವು ಎಳೆಯನ್ನು ಕಿತ್ತೊಗೆದು ತಂಬೂರಿಗೆ ಹೊಸ ಪಾಲಿಷ್ ಹೊಡೆಸಿದ್ದೆವು.

ಆ ಮೂರು ಕಂಬದ ಕಾಗದ ಈಗ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ಪೋರ್ಟು 3, ವೇಗ 9600, ವಿಳಾಸದ ಕೊನೆಗೆ 50, ಯೂರಿಯಾಕ್ಕೆ 2.14. ಕನ್ವರ್ಟರ್ ಇರುವ ತೂತಿಗೆ ನಮ್ಮ ಲ್ಯಾಬಿನ ಕೆಲಸದ ಮಾವಶಿ ಕೆಂಪು ನೇಲ್ ಪಾಲಿಷ್ ಹಚ್ಚಿದ್ದಾಳೆ. ಕಳೆದ ವಾರ ಸಾಹೇಬರ ಮಗ ಫೋನು ಮಾಡಿ ಇನ್ನೂ ಹೊಸ ವರ್ಷನ್ ಬಂದಿದೆ ಅಂದನಂತೆ. ನಾನು ರಜೆ ಚೀಟಿ ಬರೆದಿಟ್ಟುಕೊಂಡಿದ್ದೇನೆ, ತಾರೀಖು ಮಾತ್ರ ಹಾಕಬೇಕು.

ನಿಮ್ಮ ಲ್ಯಾಬಿನಲ್ಲೂ ಹೊಸ ವರ್ಷನ್ ಹಾಕುವುದಿದ್ದರೆ ಹಳೆಯದನ್ನು ಒರೆಸುವ ಮೊದಲು ಅದರ ಒಂದೊಂದು ಪರದೆಯ ಫೋಟೋ ಹೊಡೆದುಕೊಳ್ಳಿ. ಭಾನುವಾರ ಬೇಡ, ಬುಧವಾರ ಮಾಡಿ. ಫೋನು ಎತ್ತುವವರು ಇರುತ್ತಾರೆ. ಮತ್ತೆ ಹೇರ್‌ಪಿನ್ ಮನೆಯಿಂದಲೇ ತನ್ನಿ. ಆ ತಂಗಿಯದು ಎಲ್ಲೋ ಬಿದ್ದುಹೋಗಿದೆ, ದಿನಾ ಕೇಳುತ್ತಾಳೆ.